ಕಬ್ಬಿಣದ ಜೋಡಿ ಮಣೆ

ಮೊನ್ನೆ ನನ್ನ ಹಳೆಯ ವರ್ಕ್‌ಶಾಪಿನ ಮೇಸ್ತ್ರಿಯ ಮಗಳು ರಿಕ್ಷಾದಲ್ಲಿ ತಂದ ಗೋಣಿಗಂಟನ್ನು ಬಿಚ್ಚಿದಾಗ ಹಳೆಯ ಎಣ್ಣೆಯ ವಾಸನೆ ಬಂತು. ಒಳಗೆ ಎರಡು ದಪ್ಪ ಕಬ್ಬಿಣದ ತುಂಡುಗಳಿದ್ದವು.

"ತೀರಿಕೊಳ್ಳುವ ಮೊದಲು ಪಪ್ಪ ನಿಮಗೆ ಕೊಡ್ಲಿಕ್ಕೆ ಹೇಳಿದ್ರು ಅಂಕಲ್. ಇದು ಎಂತದ್ದು?"

ನಾನು ಒಂದನ್ನು ಎತ್ತಿ ತಿರುಗಿಸಿ ನೋಡಿದೆ...

ಐವತ್ತರ ದಶಕದಲ್ಲಿ ಉರ್ವದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇತ್ತು. ಕಬ್ಬಿಣವನ್ನು ತಿರುಗಿಸಿ ಕಡೆಯುವ ಯಂತ್ರ, ಲೇತ್, ಇದ್ದದ್ದು ಒಂದೇ. ಹಂಚಿನ ಕಾರ್ಖಾನೆಯ ದೊಡ್ಡ ಚಕ್ರಗಳನ್ನು ಅದಕ್ಕೆ ಕಟ್ಟಿದರೆ ಕೆಳಗೆ ತಾಗುತ್ತಿದ್ದವು.

"ದೊಡ್ಡ ಲೇತ್ ಎಂತಕ್ಕೆ ಮಾರಾಯರೇ? ಇದನ್ನೇ ಮಣೆ ಹಾಕಿ ಕೂರಿಸುವ" ಎಂದರು ಮೇಸ್ತ್ರಿ.

ಲೇತಿನ ಎರಡೂ ತುದಿಯ ತಲೆಗಳ ಅಡಿಗೆ ಒಂದೊಂದು ಕಬ್ಬಿಣದ ಮಣೆ ಇಟ್ಟು ಎತ್ತರಿಸುವುದು ಅವರ ಉಪಾಯ. ಕೂದಲೆಳೆಯಷ್ಟು ಓರೆಯಾದರೂ ಕೆಲಸ ಕೆಡುತ್ತದೆ. ಎಣ್ಣೆಯಲ್ಲಿ ಕೆಂಪು ಹುಡಿ ಕಲಸಿ ಲೇತಿಗೆ ಸವರಿ, ಮಣೆ ಕೂರಿಸಿ ಎತ್ತಿ, ಕೆಂಪು ಅಂಟಿದಲ್ಲಿ ಮಾತ್ರ ಹೆರೆಯಬೇಕು. ಮತ್ತೆ ಕೂರಿಸಬೇಕು. ಒಂದು ಮಳೆಗಾಲವಿಡೀ ಇಬ್ಬರೂ ಹೆರೆದೆವು. ಊಟಕ್ಕೆ ಕೂತಾಗಲೂ ನನ್ನ ಅಂಗೈ ಕೆಂಪಾಗಿಯೇ ಇರುತ್ತಿತ್ತು. "ಮದುಮಗಳ ಹಾಗೆ ಮದರಂಗಿಯಾ?" ಎಂದು ಮೇಸ್ತ್ರಿ ನಗುತ್ತಿದ್ದರು.

ಏಳೆಂಟು ವರ್ಷ ಆ ಮಣೆಗಳ ಮೇಲೆ ಇಬ್ಬರ ಮನೆಯೂ ನಡೆಯಿತು. ವರ್ಕ್‌ಶಾಪಿನ ಇನ್ನೊಂದು ಬೀಗದ ಕೈ ಅವರಲ್ಲೇ ಇರುತ್ತಿತ್ತು.

ಒಂದು ಸೋಮವಾರ ಬಾಗಿಲು ತೆಗೆದರೆ ಲೇತ್ ಮೊದಲಿನಂತೆ ತಗ್ಗಾಗಿ ಕೂತಿತ್ತು. ಮಣೆಗಳಿರಲಿಲ್ಲ. ಕಾರ್ಖಾನೆಯ ಹೊಸ ಚಕ್ರವನ್ನು ಬುಧವಾರಕ್ಕೆ ಮಾಡಿಕೊಡುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಅಲ್ಲಿಗೆ ಓಡಿದೆ.

ಮ್ಯಾನೇಜರ್ ತಲೆಯೆತ್ತಿ ನೋಡಿದರು. "ಉರ್ವದ ಲೇತಿನಲ್ಲಿ ಇನ್ನು ಆಗ್ಲಿಕ್ಕಿಲ್ಲ, ಚಕ್ರ ಕಾವೂರಿಗೆ ಕಳಿಸಿ ಅಂತ ನಿಮ್ಮ ಮೇಸ್ತ್ರಿಯೇ ಶನಿವಾರ ಬಂದು ಹೇಳಿದ್ರಲ್ಲ?"

ಅದೇ ಶನಿವಾರ ಸಂಜೆ ಮೇಸ್ತ್ರಿ ನನ್ನ ಜೊತೆಯೇ ಚಾ ಕುಡಿದು ಹೋಗಿದ್ದರು...

ಕಾವೂರಿನಲ್ಲಿ ದೊಡ್ಡ ಲೇತಿನ ಹೊಸ ವರ್ಕ್‌ಶಾಪ್ ಶುರುವಾಗಿತ್ತು. ಅವರು ಅಲ್ಲಿ ಸೇರಿದ್ದರು. ಸೇರಲಿ. ಆದರೆ ನಮ್ಮ ಲೇತಿಗೆಂದೇ ಹೆರೆದ ಮಣೆ ಬೇರೆ ಯಾವುದಕ್ಕೂ ಕೂರುವುದಿಲ್ಲ. ಅದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ತಮಗೆ ಬೇಕೆಂದು ಒಯ್ದದ್ದಲ್ಲ, ನನ್ನಲ್ಲಿ ಇರಬಾರದೆಂದು ಒಯ್ದದ್ದು. ಬೇರೆ ಜೋಡಿ ಹೆರೆಯಲು ನನ್ನೊಬ್ಬನಿಂದ ಆಗಲಿಲ್ಲ. ಎರಡು ವರ್ಷದಲ್ಲಿ ವರ್ಕ್‌ಶಾಪ್ ಮುಚ್ಚಿತು. ಲೇತ್ ಗುಜರಿಗೆ ಹೋಯಿತು.

"ನಮ್ಮ ಲೇತಿನದ್ದು ಮಗಾ" ಎಂದಷ್ಟೇ ಹೇಳಿ ಮೇಸ್ತ್ರಿಯ ಮಗಳನ್ನು ಕಳಿಸಿದೆ.

ಆಮೇಲೆ ಮಣೆಯ ಮೇಲೆ ಬೆರಳಾಡಿಸಿದೆ. ಒಂದು ಚುಕ್ಕೆ ತುಕ್ಕಿಲ್ಲ. ಪ್ರತಿ ಮಳೆಗಾಲಕ್ಕೂ ಎಣ್ಣೆ ಹಚ್ಚಿ ಇಟ್ಟಿರಬೇಕು. ಇಷ್ಟು ವರ್ಷ ಎಣ್ಣೆ ಹಚ್ಚಿದವರಿಗೆ ಕಾವೂರಿನಿಂದ ಉರ್ವಕ್ಕೆ ಒಮ್ಮೆ ಬಸ್ಸು ಹತ್ತಲಾಗಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ. ಕೂರಿಸೋಣವೆಂದರೆ ಲೇತಿಲ್ಲ.

ಗಂಟು ಕಟ್ಟಿ ಮಂಚದ ಅಡಿಗೆ ತಳ್ಳಿದೆ. ಊಟಕ್ಕೆ ಕೂತಾಗ ಅಂಗೈ ನೋಡಿಕೊಂಡೆ. ಕೆಂಪಿರಲಿಲ್ಲ, ಎಣ್ಣೆ ಮಾತ್ರ ಇತ್ತು.