ಹಜೀರಾಬಿ ಟೀಚರ ಚೀಲ

ಸಖರಾಯಪಟ್ಟಣದ ಹತ್ತಿರದ ಆ ಸರ್ಕಾರಿ ಶಾಲೆಯಲ್ಲಿ ಹಜೀರಾಬಿ ಟೀಚರಿಗೆ ಅದು ಕೊನೆಯ ದಿನ. ಹಾರ, ಶಾಲು, ಫೋಟೊ ಎಲ್ಲ ಮಧ್ಯಾಹ್ನಕ್ಕೆ. ಬೆಳಗ್ಗೆ ಮಾತ್ರ ಎರಡನೇ ಕ್ಲಾಸು ತಮಗೇ ಬೇಕೆಂದು ಹಟ ಹಿಡಿದು ಇಸ್ಕೊಂಡಿದ್ದರು. ಕಾರಣ ಫಿಜಾ. ಜೂನ್‌ನಲ್ಲಿ ಸೇರಿದ ಆ ಹುಡುಗಿ ಕ್ಲಾಸಿನಲ್ಲಿ ಇನ್ನೂ ತುಟಿ ಪಿಟಕ್ ಅಂದಿರಲಿಲ್ಲ. ಮನೆಯಲ್ಲಿ ದಖನಿ ಉರ್ದು ಆಡುವ ಮಗು. ಕನ್ನಡ ತಿಳಿಯುತ್ತಿತ್ತು, ಆಡಲು ಹೆದರಿಕೆ. ಇವಳ ಬಾಯಿ ಬಿಡಿಸದೆ ಹೋದರೆ ಆ ಹಾರ ಹಾಕಿಸಿಕೊಂಡು ಏನು ಬಂತು?

ಹಜೀರಾಬಿಯೂ ಹೀಗೇ ಇದ್ದವರು. ಒಂದನೇ ಕ್ಲಾಸಿನಲ್ಲಿ ನಂಜುಂಡಪ್ಪ ಮೇಷ್ಟ್ರು ಬಟ್ಟೆ ಚೀಲವೊಂದನ್ನು ಮುಂದಿಟ್ಟು, ಒಳಗಿರುವುದನ್ನು ನೋಡದೆ, ಬರೀ ಮುಟ್ಟಿ ಹೇಳು ಅಂದಿದ್ದರು. ಕೈಗೆ ಸಿಕ್ಕಿದ್ದು ಈರುಳ್ಳಿ. ಪುಟ್ಟ ಹಜೀರಾ "ಪ್ಯಾಜ್" ಅಂದುಬಿಟ್ಟಳು. ಕ್ಲಾಸೆಲ್ಲ ಗೊಳ್ಳೆಂದಿತು. ಮೇಷ್ಟ್ರು ಗದರಲಿಲ್ಲ. "ಎಲ್ಲಾ ಹೇಳ್ರೋ, ಪ್ಯಾಜ್!" ಅಂದರು. ನಕ್ಕವರೆಲ್ಲ ಪ್ಯಾಜ್ ಅಂದರು. ಆಮೇಲೆ ಅವಳು ಈರುಳ್ಳಿ ಅಂದಳು. ಅದನ್ನು ನೆನೆದರೆ ಹಜೀರಾಬಿಗೆ ಇವತ್ತಿಗೂ ಕಣ್ಣು ತುಂಬುತ್ತದೆ. ಎಂಥ ಮೇಷ್ಟ್ರು!

ತಾವು ಟೀಚರಾದ ಮೇಲೆ ಹಳೇ ಸೀರೆಯಲ್ಲಿ ಅಂಥದೇ ಚೀಲ ಹೊಲಿದರು. ಮುಟ್ಟಿದ್ದು ಹೇಗಿದೆ, ಅದು ಏನು, ಅದರಿಂದ ಏನು ಮಾಡ್ತೀರಿ. ಮೂರಕ್ಕೂ ಉತ್ತರ ಸೇರಿಸಿದರೆ ಒಂದು ವಾಕ್ಯ. ಗುಣವಾಚಕ, ನಾಮಪದ, ಕ್ರಿಯಾಪದ ಅನ್ನುವ ಭಾರದ ಹೆಸರುಗಳೆಲ್ಲ ದೊಡ್ಡ ಕ್ಲಾಸಿಗೆ ಹೋದ ಮೇಲೆ. ವಸ್ತುವಿನ ಹೆಸರನ್ನು ಮೊದಲು ಮನೆಮಾತಿನಲ್ಲಿ ಹೇಳಬೇಕು, ಕ್ಲಾಸೆಲ್ಲ ಅದನ್ನು ಹೇಳಬೇಕು, ಆಮೇಲೆ ಕನ್ನಡದಲ್ಲಿ. ಇದು ಮುರಿಯಬಾರದ ನಿಯಮ.

ಹೊಸದಾಗಿ ಬಂದ ಹೇಮಂತ್ ಮೇಷ್ಟ್ರಿಗೆ ಇದು ಹಿಡಿಸಿರಲಿಲ್ಲ. "ಕನ್ನಡ ಶಾಲೇಲಿ ಬೇರೆ ಮಾತು ಯಾಕೆ ಮೇಡಂ?" ಎಂದಿದ್ದ. ಇನ್ನು ಈ ಚೀಲ ಯಾರಿಗೆ ಬೇಕು, ಸಂಜೆ ಮನೆಗೇ ಒಯ್ದರಾಯ್ತು ಎಂದು ಹಜೀರಾಬಿ ಸಂಕಟಪಟ್ಟುಕೊಂಡಿದ್ದರು.

ಆ ಬೆಳಗ್ಗೆ ಕ್ಲಾಸಿನಲ್ಲಿ ಫಿಜಾ ಚೀಲದೊಳಗೆ ಕೈ ಹಾಕಿದಳು. ಹೇಮಂತ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವಳು ಕೈ ತೆಗೆದು, ಅಂಟಿದ ಬೆರಳನ್ನು ಮೂಸಿ, ಉಸಿರಿನಷ್ಟೇ ಮೆಲ್ಲಗೆ "ಇಮ್ಲಿ" ಅಂದಳು.

ಯಾರೋ ಕಿಸಕ್ಕೆಂದರು. ಫಿಜಾ ತಲೆ ತಗ್ಗಿಸಿದಳು. ಎಲ್ಲಾ ಹೇಳ್ರೋ ಅನ್ನಬೇಕು, ಆದರೆ ಹಜೀರಾಬಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಇಷ್ಟು ವರ್ಷ ಆಡಿದ ಮಾತು ಇವತ್ತೇ ಕೈಕೊಟ್ಟಿತು.

"ಎಲ್ಲಾ ಹೇಳ್ರೋ, ಇಂಬ್ಲಿ!" ಬಾಗಿಲಿಂದ ಹೇಮಂತ್ ಕೂಗಿದ.

ಫಿಜಾ ಮುಖ ಎತ್ತಿದಳು. "ಅಂಗಲ್ಲ ಸಾರ್. ಇಮ್ಲಿ ಅನ್ಬೇಕು. ಹುಣ್ಸೆಹಣ್ಣಿಗೆ."

"ಗೊತ್ತಾಗ್ಲಿಲ್ಲ ಕಣಮ್ಮ, ಇನ್ನೊಂದ್ಸಲ ಹೇಳ್ಕೊಡು" ಅಂದ ಹೇಮಂತ್, ಒಳಗೆ ಬಂದು ಮಕ್ಕಳ ಪಕ್ಕ ನೆಲದ ಮೇಲೆ ಕೂತು. ಫಿಜಾ ಹೇಳಿಕೊಟ್ಟಳು, ಎರಡು ಸಲ, ಸ್ವಲ್ಪ ಗದರಿಸಿಯೇ.

ಸಂಜೆ ಹಜೀರಾಬಿ ಹಾರ, ಶಾಲು ಹಿಡಿದು ಕಡೂರಿನ ಬಸ್ಸು ಹತ್ತಿದರು. ಚೀಲವನ್ನು ಹೇಮಂತನ ಮೇಜಿನ ಮೇಲೇ ಬಿಟ್ಟು ಬಂದಿದ್ದರು.