ಕೂಡಿಕೆ ಚನ್ನಮಲ್ಲಮ್ಮ

ಸಿರಾದ ಪೇಟೆ ಬೀದಿಯಲ್ಲಿ ಚನ್ನಮಲ್ಲಮ್ಮನ ಮನೆ ಎಲ್ಲಿ ಎಂದರೆ ಯಾವ ಚನ್ನಮಲ್ಲಮ್ಮ ಎಂದು ಕೇಳುತ್ತಿದ್ದರು. ಕೂಡಿಕೆ ಚನ್ನಮಲ್ಲಮ್ಮ ಎಂದರೆ ಸಾಕು, ಎಳೆ ಮಕ್ಕಳೂ ಬಾಗಿಲು ತೋರಿಸುತ್ತಿದ್ದವು. ಗಂಡ ಸತ್ತವಳು ಇನ್ನೊಬ್ಬನ ಕೈ ಹಿಡಿದರೆ ಅದು ಮದುವೆಯಲ್ಲ, ಕೂಡಿಕೆ. ಚಪ್ಪರವಿಲ್ಲ, ಓಲಗವಿಲ್ಲ. ಒಳಮನೆಯಲ್ಲಿ ಒಂದು ಸೀರೆ, ಕೈತುಂಬ ಬಳೆ, ಒಂದು ತಾಳಿ, ಅಲ್ಲಿಗೆ ಮುಗಿಯಿತು. ಕುಲದವರು ಬೇಡವೆನ್ನುವುದಿಲ್ಲ, ಅಷ್ಟು ದೊಡ್ಡ ಮನಸ್ಸು ಅವರದು! ಆದರೆ ಅಂಥವಳು ಸಾಯುವ ತನಕ ಯಾರ ಮದುವೆ ಚಪ್ಪರಕ್ಕೂ ಕಾಲಿಡುವಂತಿಲ್ಲ, ಮದುಮಕ್ಕಳಿಗೆ ಅರಿಶಿನ ಹಚ್ಚುವಂತಿಲ್ಲ, ಆರತಿ ಎತ್ತುವಂತಿಲ್ಲ.

ಕಳ್ಳಂಬೆಳ್ಳದಲ್ಲಿ ಮೊದಲ ಗಂಡ ವಾಂತಿಭೇದಿಯಲ್ಲಿ ಸತ್ತಾಗ ಮಗಳು ಸಿದ್ದಗಂಗಮ್ಮ, ಮನೆಯವರ ಬಾಯಲ್ಲಿ ಗಂಗವ್ವ, ಇನ್ನೂ ಮೊಲೆ ಬಿಟ್ಟಿರಲಿಲ್ಲ. ಭಾವ ಮಲ್ಲಿಕಾರ್ಜುನಯ್ಯನ ಮನೆಯಲ್ಲಿ ಕಸ ಮುಸುರೆ ಮಾಡಿಕೊಂಡು, ಓರಗಿತ್ತಿ ಸರೋಜಮ್ಮ ಹಾಕಿದಷ್ಟು ಉಂಡುಕೊಂಡು ಬಿದ್ದಿದ್ದಳು. ಸಿರಾದಲ್ಲಿ ಅರಿಶಿನ ಕುಂಕುಮ, ಬೇರು ನಾರು ಮಾರುವ ಗ್ರಂಥಿಗೆ ಅಂಗಡಿ ಇಟ್ಟಿದ್ದ ರೇಣುಕಯ್ಯ, ಅವನೂ ಹೆಂಡತಿ ಸತ್ತವನೇ, ಕೇಳಿ ಕಳಿಸಿದ. ಹಿರಿಯರು ಕೂತು ವಿಚಾರಿಸಿದರು. ಹೊಟ್ಟೆಗಿಲ್ಲದೆ ಹೋಗುತ್ತೇನೆ ಅಂದಿದ್ದರೆ ಪಾಪ ಅನ್ನುತ್ತಿದ್ದರೋ ಏನೋ. ಇವಳು ತಲೆ ಎತ್ತಿಕೊಂಡು, "ಕೂಳಿಗಲ್ಲ ಕಣ್ರಪ್ಪಾ. ನಂಗೂ ಬಾಳ್ಬೇಕು ಅನ್ನಿಸ್ತದೆ," ಅಂದುಬಿಟ್ಟಳು. ಅಬ್ಬಬ್ಬಾ! ಹೆಂಗಸೊಬ್ಬಳ ಬಾಯಲ್ಲಿ ಬರುವ ಮಾತೇ ಅದು? ಮಗುವನ್ನೆಲ್ಲಿ ಇಟ್ಟುಕೊಂಡುಬಿಡುತ್ತಾರೋ ಎಂದು ಅವಳು ಹೆದರಿದ್ದಳು. "ಹೆಣ್ಣು ಕೂಸು ತಾನೇ, ತಗಂಡೋಗು," ಅಂದ ಮಲ್ಲಿಕಾರ್ಜುನಯ್ಯ.

ಬಾಳಿದಳು, ಚೆನ್ನಾಗಿಯೇ ಬಾಳಿದಳು. ರೇಣುಕಯ್ಯ ಮಾತು ಕಡಿಮೆಯ ಮನುಷ್ಯ, ಗಂಗವ್ವನನ್ನು ಹೆತ್ತ ಮಗಳಿಗಿಂತ ಹೆಚ್ಚಾಗಿ ನೋಡಿಕೊಂಡ. ಅಂಗಡಿಗೆ ಬೇಕಾದ ಅರಿಶಿನವನ್ನೆಲ್ಲ ಚನ್ನಮಲ್ಲಮ್ಮನೇ ಒರಳಿಗೆ ಹಾಕಿ ಕುಟ್ಟುತ್ತಿದ್ದಳು. ಸುತ್ತಲ ಹಳ್ಳಿಯ ಮದುವೆಗಳಿಗೆಲ್ಲ ಅದೇ ಅರಿಶಿನ. ಪುಡಿ ಆಗುತ್ತದೆ, ಕುಟ್ಟಿದ ಕೈ ಆಗುವುದಿಲ್ಲ! ಪಕ್ಕದ ಮನೆಯ ಅಮೀರುನ್ನೀಸಾ ಇದನ್ನು ಕಂಡು ನಗುತ್ತಿದ್ದಳು. "ಅರೆ ಅಕ್ಕಾ, ನಮ್ಮಲ್ಲಿ ಎರಡ್ನೇದಾದ್ರೂ ನಿಕಾ ಅಂದ್ರೆ ನಿಕಾನೇ. ನಿಮ್ಮೋರು ಮಾಡ್ಕೋ ಅಂತಾನೂ ಅಂತಾರೆ, ಥೂ ಅಂತಾನೂ ಅಂತಾರಲ್ಲ!" ಚನ್ನಮಲ್ಲಮ್ಮನೂ ನಗುತ್ತಿದ್ದಳು. ಊರ ಬಾಯಿಗೆ ಬೀಗ ಹಾಕಲಾದೀತೇ ಎಂದು ಬೀದಿಯಲ್ಲಿ ಹಣೆತುಂಬ ಕುಂಕುಮ ಇಟ್ಟುಕೊಂಡೇ ಓಡಾಡುತ್ತಿದ್ದಳು.

ಐವತ್ತಾರನೇ ಇಸವಿಯಲ್ಲಿ ಗಂಗವ್ವನಿಗೆ ಬರಗೂರಿನ ಗಂಡು ಗೊತ್ತಾಯಿತು. ಒಳ್ಳೆಯ ಹುಡುಗ, ನೀರಾವರಿ ಇದ್ದ ಮನೆ. ಆದರೆ ಗಂಡಿನ ಕಡೆಯವರು ಒಂದು ಮಾತು ಇಟ್ಟರು. ಹೆತ್ತವಳು ಚಪ್ಪರದಲ್ಲಿ ಕಾಣಿಸಿಕೊಳ್ಳಕೂಡದು, ಧಾರೆಗೆ ದೊಡ್ಡಪ್ಪ ದೊಡ್ಡಮ್ಮ ಕೂರಬೇಕು. ಒಂದು ಸೇರು ರಾಗಿಯನ್ನೂ ಕೊಟ್ಟು ಸಾಕದ ಮಲ್ಲಿಕಾರ್ಜುನಯ್ಯ, ಸರೋಜಮ್ಮ! ರೇಣುಕಯ್ಯನಿಗೆ ಎಂದಿಲ್ಲದ ಸಿಟ್ಟು ಬಂತು. "ಈ ಸಂಬಂಧಾನೇ ಬ್ಯಾಡ ಬುಡು," ಅಂದ. ಚನ್ನಮಲ್ಲಮ್ಮನ ನಾಲಿಗೆಯ ತುದಿಯಲ್ಲೂ ಅದೇ ಇತ್ತು. ಅಷ್ಟರಲ್ಲಿ ಒಳಗೆ ಗಂಗವ್ವ ಬಿಕ್ಕುವುದು ಕೇಳಿಸಿತು. ಮಗಳಿಗೆ ಹುಡುಗನ ಮೇಲೆ ಮನಸ್ಸಾಗಿದೆ, ಸಂಬಂಧ ಮುರಿದೀತೆಂದು ಅಳುತ್ತಿದ್ದಾಳೆ ಎಂದು ತಾಯಿ ತಿಳಿದಳು. ಕೇಳಲಿಲ್ಲ. "ಒಂದಿನದ ಮಾತು ಬುಡಿ, ನಾನು ಅಡಿಗೆಯೋರ ಜೊತೆ ಇರ್ತೀನಿ," ಅಂದಳು.

ಮದುವೆಯ ದಿನ ಹಿತ್ತಿಲಲ್ಲಿ ಒಲೆಯ ಪಕ್ಕ ಕೂತು ಹೊಗೆ ಕುಡಿದಳು. ಅವಳು ಕುಟ್ಟಿದ ಅರಿಶಿನವನ್ನು ಸರೋಜಮ್ಮ ಗಂಗವ್ವನ ಕೆನ್ನೆಗೆ ಬಳಿದಳು. ಧಾರೆಯ ಹೊತ್ತಿಗೆ ಓಲಗ ಜೋರಾದಾಗ ಚನ್ನಮಲ್ಲಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅಷ್ಟು ವರ್ಷ ಯಾರ ಮುಂದೂ ಬಗ್ಗಿರದ ಹೆಂಗಸು ಅವಳು.

ಅರವತ್ತೆರಡರಲ್ಲಿ ಬಾವಿ ತೋಡಿಸುವಾಗ ಮಣ್ಣು ಕುಸಿದು ಅಳಿಯ ಸತ್ತ. ಗಂಗವ್ವ ಸಣ್ಣ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಬರಿ ಹಣೆಯಲ್ಲಿ ತವರಿಗೆ ಬಂದಳು. ವರ್ಷ ತುಂಬಿದ ಮೇಲೆ ಕೊರಟಗೆರೆಯ ಒಬ್ಬ ಜವಳಿ ವ್ಯಾಪಾರಿ, ಕೂಸನ್ನೂ ಕರೆದುಕೊಂಡು ಬರಲಿ ಎಂದು ಹೇಳಿ ಕಳಿಸಿದ. ಚನ್ನಮಲ್ಲಮ್ಮನಿಗೆ ಹೋದ ಜೀವ ಬಂದಂತಾಯಿತು.

"ಈ ಸಲ ಚಪ್ಪರ ಹಾಕಿಸ್ತೀನಿ ಕಣೆ ಗಂಗಿ, ಓಲಗ ಊದಿಸ್ತೀನಿ. ಧಾರೆಗೆ ನಾನೇ ನಿಂತ್ಕಂತೀನಿ. ಯಾವನು ತಡೀತಾನೋ ನೋಡಾನ."

"ಬ್ಯಾಡ ಕಣವ್ವ," ಅಂದಳು ಗಂಗವ್ವ.

"ಯಾಕೆ ಬ್ಯಾಡ? ಮುಂಡೆಯಾದ್ರೂ ಚಪ್ಪರದ ಹೊರಗೇ, ಕೂಡಿಕೆಯಾದ್ರೂ ಹೊರಗೇ. ಹೆಂಗಿದ್ರೂ ಹೊರಗೆ ನಿಲ್ಲೋದಾದ್ರೆ ಜೊತೆಗೊಬ್ಬ ಇರ್ಲಿ."

"ಎಲ್ಡೂ ಒಂದೇ ಅಲ್ಲ. ಮುಂಡೇನ ಕಂಡ್ರೆ ಜನ ಅಯ್ಯೋ ಅಂತಾರೆ. ನಿನ್ನ ಕಂಡ್ರೆ ಏನಂತಾರೆ ಅಂತ ಕೇಳ್ಕಂಡೇ ಬೆಳ್ದೀನಿ ನಾನು."

"ಅನ್ನೋರು ಅನ್ಲಿ! ನಾನು ಬಾಳ್ಳಿಲ್ವೇನೆ?"

"ಬಾಳ್ದೆ. ಬಾಳಿದ್ದು ಸರಿ ಅಂತ ನಿಂಗೇ ಇದ್ದಿದ್ರೆ, ನನ್ನ ಮದ್ವೇಲಿ ಯಾಕವ್ವ ಒಲೆ ಹತ್ರ ಹೋಗಿ ಕೂತ್ಕಂಡೆ?" ಗಂಗವ್ವನ ದನಿ ಏರಲಿಲ್ಲ. "ಅವತ್ತು ಅವರು ಅಂಗೆ ಅಂದಾಗ ನಾನು ಅತ್ತಿದ್ದು ನಿನಗೋಸ್ಕರ. ನೀನು ಬಗ್ಗಲ್ಲ, ಅಂಥ ಗಂಡೇ ಬ್ಯಾಡ ಅಂತೀಯ ಅನ್ಕಂಡಿದ್ದೆ. ಧಾರೆ ಎರೆಯೋಗಂಟ ಹಿತ್ಲು ಬಾಗ್ಲನ್ನೇ ನೋಡ್ತಿದ್ದೆ, ನೀನು ಬಂದೇ ಬರ್ತೀಯ ಅಂತ. ಬರ್ಲಿಲ್ಲ. ತಪ್ಪು ಅಂತ ನೀನೇ ಒಪ್ಕಂಡ್ಬುಟ್ಟೆ. ನೀನು ಒಪ್ಕಂಡ ಮ್ಯಾಲೆ ನಾನು ಹೆಂಗೆ ಅದನ್ನೇ ಮಾಡ್ಲಿ?"

ಒಂದು ದಿನ ಎಂದು ಚನ್ನಮಲ್ಲಮ್ಮ ಬಗ್ಗಿದ್ದಳು, ಮಗಳ ಇಡೀ ಬಾಳು ಅದಕ್ಕೆ ಹೋಯಿತು. ಕೊರಟಗೆರೆಯವರಿಗೆ ಆಗುವುದಿಲ್ಲವೆಂದು ತಾನೇ ಹೇಳಿ ಕಳಿಸಿದಳು.

ಸುದ್ದಿ ಕಳ್ಳಂಬೆಳ್ಳಕ್ಕೂ ಮುಟ್ಟಿತು. ಸರೋಜಮ್ಮ ಬಸ್ಸು ಹತ್ತಿ ಬಂದು ಗಂಗವ್ವನ ತಲೆ ಸವರಿ, "ಸದ್ಯ, ನಮ್ಮನೆ ರಕ್ತ ಕಣಮ್ಮ ನೀನು. ನಿಮ್ಮವ್ವನಂಗೆ ಆಗ್ಲಿಲ್ಲ," ಅಂದಳು. ಗಂಗವ್ವ ಬಗ್ಗಿ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಚನ್ನಮಲ್ಲಮ್ಮ ಒಳಗೆ ಹೋಗಿ ಬಂದವಳಿಗೆ ಕಾಫಿಗಿಟ್ಟಳು.