ಮೂರನೆಯ ತಿರುವಿನ ತಾಳೆಮರ

ಮಾಜಾಳಿಯ ನೀತಾಳಿಗೆ ಈಗ ಇಪ್ಪತ್ತಾರು ವರ್ಷ. ಏಳು ವರ್ಷಗಳಿಂದ ಕಾರವಾರದ ಬಂದರಿನಲ್ಲಿ ಮೀನು ತುಂಬಿಸಿಕೊಂಡು ಪಿಕಪ್ ಗಾಡಿಯಲ್ಲಿ ಮಡಗಾಂವಿಗೆ ಒಯ್ಯುತ್ತಾಳೆ. ಒಂದು ಬೆಳಿಗ್ಗೆ ಕಾಣಕೋಣದ ಘಾಟಿಯುದ್ದಕ್ಕೂ ಅವಳನ್ನು ಹಿಂದಿಕ್ಕಲಾಗದೆ ಬಂದ ಕಾರಿನವನೊಬ್ಬ ಮಾರ್ಕೆಟ್ಟಿನಲ್ಲಿ ಇಳಿದು, ಗಾಡಿ ಓಡಿಸಿದ್ದು ಯಾರೆಂದು ಕೇಳಿದ. ಹೆಂಗಸರದೇ ಒಂದು ರೇಸಿಂಗ್ ತಂಡಕ್ಕೆ ಆಯ್ಕೆ ನಡೆಯುವ ಸುದ್ದಿ ಹೇಳಿದವನೂ ಅವನೇ.

ಹಾಗೆ ನೀತಾ ತಮಿಳುನಾಡಿನ ರೇಸ್ ಟ್ರ್ಯಾಕಿಗೆ ಹೋದಳು. ಮೂರೂವರೆ ಕಿಲೋಮೀಟರಿನ ಸುತ್ತು, ಹನ್ನೆರಡು ತಿರುವು. ಎರಡು ನಿಮಿಷದೊಳಗೆ ಒಂದು ಸುತ್ತು ಮುಗಿಸಿದವರಿಗೆ ತಂಡದಲ್ಲಿ ಜಾಗ. ಉಳಿದವರು ಮನೆಗೆ.

ಮೊದಲ ದಿನವಿಡೀ ಅವಳ ಕಾಲು ಮಾತು ಕೇಳಲಿಲ್ಲ. ಹಿಂದಿನ ಬುಟ್ಟಿಗಳು ಜಾರದಂತೆ, ಬಂಗುಡೆ ಜಜ್ಜದಂತೆ, ದೂರದಿಂದಲೇ ಮೆಲ್ಲಗೆ ಬ್ರೇಕ್ ಒತ್ತಿ ರೂಢಿಯಾದ ಕಾಲು ಅದು. ತರಬೇತಿ ಕೊಡುತ್ತಿದ್ದ ಹುಬ್ಬಳ್ಳಿಯ ಅಶೋಕ ಕೊನೆಗೆ ಕಾರಿನ ಕಿಟಕಿಯಲ್ಲಿ ಬಗ್ಗಿ ಹೇಳಿದ: "ಹಿಂದ ಮೀನಿಲ್ಲರೀ ನೀತಾ. ಜೋರ್ ಒದೀರಿ."

ಕಷ್ಟದ್ದು ಮೂರನೆಯ ತಿರುವು. ಉದ್ದನೆಯ ನೇರ ದಾರಿ ಮುಗಿಯುತ್ತಲೇ ಎಡಕ್ಕೆ ಮುರಿಯುತ್ತದೆ. ಬೇಗ ಬ್ರೇಕ್ ಹಿಡಿದರೆ ಸಮಯ ಹೋಯಿತು. ತಡವಾದರೆ ಕಾರು ಸೀದಾ ಜಲ್ಲಿಯೊಳಗೆ. ಪಕ್ಕದಲ್ಲಿ ದೂರ ಬರೆದ ಹಲಗೆಗಳಿದ್ದವು. ಆ ವೇಗದಲ್ಲಿ ಅವು ಬರಿಯ ಬಿಳಿ ಗೀಟುಗಳಾಗಿ ಸರಿದುಹೋಗುತ್ತಿದ್ದವು.

ಅವಳ ಅಪ್ಪ ರಾಮಾ ಮೂವತ್ತು ವರ್ಷ ಟ್ರಾಲರಿನ ತಾಂಡೇಲನಾಗಿದ್ದವನು, ಚುಕ್ಕಾಣಿ ಹಿಡಿದವನು. ಶಾಲೆಗೆ ರಜೆ ಬಂದಾಗ ಮಗಳನ್ನು ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಿದ್ದ. ನೀರಿನ ಮೇಲೆ ಗುರುತು ಉಳಿಯುವುದಿಲ್ಲ, ನೋಡಬೇಕಾದ್ದು ದಡವನ್ನು ಎನ್ನುತ್ತಿದ್ದ. ಕಾರವಾರದ ಎದುರಿನ ದ್ವೀಪದ ದೀಪಸ್ತಂಭವೂ ಸದಾಶಿವಗಡದ ಗುಡ್ಡದ ತುದಿಯೂ ಒಂದರ ಹಿಂದೆ ಒಂದು ಬಂದು ನಿಂತ ಜಾಗದಲ್ಲಿ ಕೆಳಗೆ ಬಂಡೆಯಿದೆ, ಬಂಡೆಯ ಸುತ್ತ ಮೀನಿದೆ. ಟ್ರ್ಯಾಕಿನಲ್ಲೂ ನೀತಾ ಹಾಗೆಯೇ ಮಾಡಿದಳು. ತಿರುವಿನ ಬಳಿ ಬಾವುಟ ಹಿಡಿದು ನಿಲ್ಲುವವರ ಕಟ್ಟೆಯ ಮೂಲೆಗೂ ಅದರಾಚೆ ನಿಂತಿದ್ದ ಹಳದಿ ನೀರಿನ ಟ್ಯಾಂಕರಿಗೂ ಗೆರೆ ಕೂಡಿದ ಕ್ಷಣ ಬ್ರೇಕ್ ಒದ್ದಳು. ಎರಡನೆಯ ದಿನ ಬೆಳಿಗ್ಗೆ ಎರಡು ನಿಮಿಷ, ಮೇಲೆ ಅರ್ಧ ಸೆಕೆಂಡು. ಅಶೋಕ ಗಡಿಯಾರವನ್ನು ಎರಡು ಸಲ ನೋಡಿದ.

ಮಧ್ಯಾಹ್ನ ಆಯ್ಕೆಯ ಪರೀಕ್ಷೆ. ಮೊದಲ ಸುತ್ತಿನಲ್ಲೇ ಮೂರನೆಯ ತಿರುವಿನಲ್ಲಿ ಗೆರೆ ಕೂಡುವುದನ್ನು ಕಾಯುತ್ತ ಕಾಯುತ್ತ ಅವಳು ಜಲ್ಲಿಯಲ್ಲಿ ಹೂತುಹೋದಳು. ಕಾರನ್ನು ಎಳೆದು ತಂದರು. ಕಾರು ತೊಳೆದು, ತಪಾಸಣೆ ಮಾಡಿ, ಕೊನೆಯಲ್ಲಿ ಇನ್ನೊಂದೇ ಸುತ್ತು ಕೊಡುತ್ತೇವೆ ಎಂದರು. ಬೆವರಿದ ಕೈಗವಸು ಕಳಚಿ ಅವಳು ಅಪ್ಪನಿಗೆ ಫೋನು ಮಾಡಿದಳು. ಮೊಣಕಾಲು ಸೋತ ಮೇಲೆ ರಾಮಾ ಅಂಗಳದಲ್ಲಿ ಕೂತು ಬಲೆ ಹೆಣೆಯುತ್ತಾನೆ.

"ಗುರ್ತು ತಪ್ತು ಅಪ್ಪಾ. ಬೆಳಿಗ್ಗೆ ಸಮಾ ಇತ್ತು."

"ಯಾವ್ದು ಹಿಡದಿದ್ದೆ?"

"ಕಟ್ಟೆ ಮೂಲೆ. ಹಿಂದೆ ನೀರಿನ ಟ್ಯಾಂಕರು."



"ಟ್ಯಾಂಕರಿಗೆ ಚಕ್ರ ಇರ್ತದಲ್ಲೆ ಮಗಾ."

ನೀತಾ ತಿರುಗಿ ನೋಡಿದಳು. ಹಳದಿ ಟ್ಯಾಂಕರು ಊಟದ ಹೊತ್ತಿಗೆ ನೀರು ಬಿಟ್ಟು ಬಂದು, ಬೆಳಿಗ್ಗೆ ನಿಂತ ಜಾಗಕ್ಕಿಂತ ಎಂಟು ಹತ್ತು ಮಾರು ಆಚೆ ನಿಂತಿತ್ತು.

"ಲಂಗರು ಹಾಕಿದ ದೋಣಿ ನೋಡ್ಕಂಡು ನಾ ಯಾವತ್ತಾದ್ರೂ ಬಲೆ ಬಿಟ್ಟದ್ದು ಕಂಡಿದ್ಯೇನೆ? ಬೇರು ಇದ್ದದ್ದು ಹಿಡಿ. ಇಲ್ದಿದ್ರೆ ಕಲ್ಲು ಹಿಡಿ."

"ಈಗ ಹೊಸಾದು ಹಿಡಿದು ನೋಡೂಕೆ ಟೈಮಿಲ್ಲ. ಒಂದೇ ಸುತ್ತು."

"ಕಾಲಿದ್ಯಲ್ಲ? ನಡ್ಕಂಡು ಹೋಗಿ ನೋಡು. ನಾವು ನೀರ ಮೇಲೆ ನಡಿಯೂಕಾಗ್ತಿರ್ಲಿಲ್ಲ, ನಿಂಗೆ ಆಗ್ತದೆ."

ಕಾರು ತೊಳೆಯುತ್ತಿದ್ದ ಹೊತ್ತಿನಲ್ಲಿ ಅವಳು ಅನುಮತಿ ಕೇಳಿ, ಬೇಲಿಯ ಹೊರಗಿನಿಂದ ಮೂರನೆಯ ತಿರುವಿನವರೆಗೆ ನಡೆದಳು. ಬೆಳಿಗ್ಗೆ ಬ್ರೇಕ್ ಒತ್ತಿದ ಜಾಗದಲ್ಲಿ ಅವಳ ಟೈರಿನ ಕಪ್ಪು ಗುರುತು ಇನ್ನೂ ಇತ್ತು. ಅದರ ನೇರಕ್ಕೆ ನಿಂತು, ಕಾರಿನಲ್ಲಿ ಕೂತಷ್ಟು ಎತ್ತರಕ್ಕೆ ಬಗ್ಗಿ ನೋಡಿದಳು. ಕಟ್ಟೆಯ ಮೂಲೆಯ ಹಿಂದೆ, ಬಯಲಿನ ಆ ತುದಿಯಲ್ಲಿ, ಒಂಟಿ ತಾಳೆಮರ. ಬೇಲಿಯಿಂದ ಟ್ರ್ಯಾಕಿಗೆ ಇರುವ ಅಂತರವನ್ನು ಮನಸ್ಸಿನಲ್ಲೇ ಕಳೆದಳು. ಟ್ರ್ಯಾಕಿನ ಮೇಲಿಂದಾದರೆ ಕಟ್ಟೆಯ ಮೂಲೆಯ ಗೆರೆ ಮರದ ಬಲ ಅಂಚಿಗೆ ಕೂಡುತ್ತಿತ್ತು.

ಕೊನೆಯ ಸುತ್ತಿನಲ್ಲಿ ಟ್ಯಾಂಕರು ಕಣ್ಣಿನ ಅಂಚಿನಲ್ಲಿ ಹಳದಿಯಾಗಿ ಕರೆಯಿತು. ಅವಳು ನೋಡಲಿಲ್ಲ. ಕಟ್ಟೆಯ ಮೂಲೆ ನಿಧಾನ ಸರಿದು ತಾಳೆಯ ಬಲ ಅಂಚನ್ನು ಮುಟ್ಟಿತು. ಮೀನಿಲ್ಲದ ಗಾಡಿಯ ಬ್ರೇಕನ್ನು ಅವಳು ಪೂರ್ತಿ ಒದ್ದಳು. ಕಾರು ಎಡಕ್ಕೆ ತಿರುಗಿತು.

ಒಂದು ನಿಮಿಷ, ಐವತ್ತೊಂಬತ್ತು ಪಾಯಿಂಟ್ ಆರು ಸೆಕೆಂಡು. ಅಶೋಕ ಅವಳ ಹೆಸರನ್ನು ಪಟ್ಟಿಯ ಕೊನೆಗೆ ಬರೆದ.

ಸುದ್ದಿ ಕೇಳಿದ ರಾಮಾ ಸಮಯವೆಷ್ಟೆಂದು ವಿಚಾರಿಸಲಿಲ್ಲ.

"ಎಂತಾ ಮರ?"

"ತಾಳೆ."

"ಒಳ್ಳೇದು," ಎಂದ ಅವನು. "ಅದು ಗಾಳಿಗೂ ಜಾಸ್ತಿ ಬಾಗೂದಿಲ್ಲ."